ಹಳೆಯ ಲ್ಯಾಪ್‌ಟಾಪ್‌ಗೆ ಇಂಟೆಲ್ 7260 ವೈಫೈ ಕಾರ್ಡ್: ಎರಡು ಬೇಸಿಗೆ ಬಳಸಿದ ಮೇಲಿನ ಅಭಿಪ್ರಾಯ

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಕಾರ್ಡಿನ ತಪ್ಪಿಗಲ್ಲ, ಸರಿಯಾದ ಕಾರ್ಡನ್ನು ಹುಡುಕಿ ಕೊಳ್ಳುವ ಪರದಾಟಕ್ಕೆ. 2012ರ ಕಾಲದ, ಮೂರನೇ ಪೀಳಿಗೆಯ ಐ5 ಪ್ರೊಸೆಸರ್ ಇರುವ ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂಲದ ವೈಫೈ ಕಾರ್ಡ್ ಕೆಟ್ಟುಹೋಗಿ, ಅದರ ಜಾಗಕ್ಕೆ ಇಂಟೆಲ್ ಡ್ಯುಯಲ್ ಬ್ಯಾಂಡ್ ವೈರ್‌ಲೆಸ್ ಎಸಿ 7260 ಬಂದಿದೆ. ಕೊಂಡ ವಾರದಲ್ಲೇ ಹೊಗಳಿ ಬರೆಯುವವರು ಬಹಳ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನಗಳನ್ನು ದಾಟಿಸಿ ನೋಡಿಯೇ ಬರೆಯೋಣವೆಂದು ಕಾದಿದ್ದೆ.

ಮಂಡಿಪೇಟೆ, ಚೌಕಿಪೇಟೆಯ ಕೆಲವು ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳ ಗಡುವು. ಮೊಬೈಲ್‌ಗೆ ಒಟಿಪಿ ಬಂದಿರುವಾಗ ಲ್ಯಾಪ್‌ಟಾಪ್‌ನ ಸಂಪರ್ಕ ಕಡಿದುಹೋದರೆ ಎದುರಿಗೆ ಕುಳಿತ ವ್ಯಾಪಾರಿ ನನ್ನ ಮುಖ ನೋಡುತ್ತಾರೆ, ನಾನು ಗೋಡೆ ನೋಡುತ್ತೇನೆ.

ಮೂಲದ ಕಾರ್ಡ್ 2.4 ಗಿಗಾಹರ್ಟ್ಸ್ ಎಂಬ ರೇಡಿಯೊ ಬ್ಯಾಂಡ್ ಮಾತ್ರ ಬಲ್ಲದ್ದು. 802.11ಎನ್ ಎಂಬ ಹಳೆಯ ವೈಫೈ ಪೀಳಿಗೆಯದು, 150 ಎಂಬಿಪಿಎಸ್‌ನ ಜಾತಿ. ಅದರ ಕಾಯಿಲೆ ಒಂದೇ ಸಲಕ್ಕೆ ಬರಲಿಲ್ಲ. ಬೆಳಿಗ್ಗೆ ಎಲ್ಲವೂ ಸರಿ. ಊಟದ ಹೊತ್ತಿಗೆ ವೈಫೈ ಪಟ್ಟಿ ಖಾಲಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಅದರೊಳಗೆ ಕೋಡ್ 10, ಅಂದರೆ ಸಾಧನ ಆರಂಭವಾಗುತ್ತಿಲ್ಲ. ಆರಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಆನ್ ಮಾಡಿದರೆ ಏನೂ ನಡೆದೇ ಇಲ್ಲವೆಂಬಂತೆ ಹಾಜರು. ಕೆಲವು ವಾರಗಳ ನಂತರ ಡಿವೈಸ್ ಮ್ಯಾನೇಜರ್‌ನಿಂದ ಅದರ ಹೆಸರೇ ಕಾಣೆಯಾಗತೊಡಗಿತು.

ಸಲಹೆಗಳಿಗೆ ನಮ್ಮ ಊರಿನಲ್ಲಿ ಬರವಿಲ್ಲ. ರೂಟರ್ ಬದಲಿಸಿ ಎಂದವರು ಒಬ್ಬರು, ವಿಂಡೋಸ್ ಹೊಸದಾಗಿ ಹಾಕಿಸಿ ಎಂದವರು ಇನ್ನೊಬ್ಬರು. ರಿಪೇರಿ ಅಂಗಡಿಯೊಂದರಲ್ಲಿ ಮುಚ್ಚಳವನ್ನೂ ಬಿಚ್ಚದೆ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂಬ ತೀರ್ಪು ಬಂತು. ಹಳೆಯ ಲ್ಯಾಪ್‌ಟಾಪ್ ಹಿಡಿದು ಒಳಗೆ ಬಂದವರಿಗೆಲ್ಲ ಕೊಡುವ ತೀರ್ಪು ಅದೇ ಇರಬೇಕು.

ಇಂಥ ಹೊತ್ತಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇಂಟರ್ನೆಟ್ ಏಕೆ ಬರುತ್ತಿಲ್ಲ ಎಂಬುದಲ್ಲ. ಯಂತ್ರಕ್ಕೆ ಕಾರ್ಡ್ ಕಾಣಿಸುತ್ತಿದೆಯೇ ಎಂಬುದು. ಕಾಣಿಸುತ್ತಿದ್ದೂ ಸಂಪರ್ಕ ಸಿಗದಿದ್ದರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ಪಾಸ್‌ವರ್ಡ್, ರೂಟರ್ ಕಡೆ ಹುಡುಕಬೇಕು. ಕಾಣಿಸುವುದೇ ಇಲ್ಲವೆಂದರೆ ಕಾರ್ಡ್, ಅದನ್ನು ಕೂರಿಸುವ ಸ್ಲಾಟ್ ಅಥವಾ ಬಯೋಸ್ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ). ಮೊದಲು ರೂಟರ್‌ನಿಂದ ನೆಟ್‌ವರ್ಕ್ ಕೇಬಲ್ ಎಳೆದು ಲ್ಯಾಪ್‌ಟಾಪ್‌ಗೆ ಚುಚ್ಚಿದೆ, ಇಂಟರ್ನೆಟ್ ಬಂತು. ಅಲ್ಲಿಗೆ ರೂಟರ್, ಫೈಬರ್ ಲೈನ್ ಎರಡೂ ನಿರ್ದೋಷಿಗಳು. ಬಳಿಕ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟನ್ನು ಪೆನ್ ಡ್ರೈವ್‌ನಿಂದ ಬೂಟ್ ಮಾಡಿದೆ. ಇದಕ್ಕೆ ಹಾರ್ಡ್ ಡಿಸ್ಕ್‌ನಲ್ಲಿ ಏನನ್ನೂ ಅಳಿಸಬೇಕಿಲ್ಲ, ಅನುಸ್ಥಾಪನೆಯೂ ಬೇಡ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ (lspci) ಎಂಬ ಆದೇಶ ಕೊಟ್ಟರೆ ಯಂತ್ರಕ್ಕೆ ಕಾಣಿಸುವ ಪಿಸಿಐ ಸಾಧನಗಳ, ಅಂದರೆ ಮದರ್‌ಬೋರ್ಡಿಗೆ ಒಳಗಿನಿಂದ ಜೋಡಿಸಿದ ಭಾಗಗಳ ಪಟ್ಟಿ ಬರುತ್ತದೆ. ಬೆಳಿಗ್ಗೆ ಆ ಪಟ್ಟಿಯಲ್ಲಿ ವೈಫೈ ಕಾರ್ಡ್ ಇತ್ತು. ಬಿಸಿಯೇರಿದ ಮೇಲೆ ಮತ್ತೆ ಬೂಟ್ ಮಾಡಿ ನೋಡಿದರೆ ಆ ಸಾಲೇ ಇಲ್ಲ. ವಿಂಡೋಸ್ ಇಲ್ಲದೆಯೂ ಮಾಯವಾಗುತ್ತಿದೆಯೆಂದರೆ ವಿಂಡೋಸ್ ಮರುಸ್ಥಾಪನೆಗೆ ಕೊಡುವ ಹಣ ನೀರಿನಲ್ಲಿ ಹೋಮ. ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಎಂಬ ಇನ್ನೊಂದು ಆದೇಶವೂ ಉಪಯುಕ್ತ: ಕಾರ್ಡ್ ಕಾಣಿಸುತ್ತಿದ್ದರೂ ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ಬಂದರೆ ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ಪುಟ್ಟ ವೈಫೈ ಸ್ವಿಚ್ಚನ್ನು ಸಾಮಾನ್ಯವಾಗಿ ಯಾರೋ ಸರಿಸಿರುತ್ತಾರೆ. ಅಂಥದ್ದಕ್ಕೂ ಬಿಲ್ ಮಾಡುವ ಅಂಗಡಿಗಳಿವೆ.

ಇನ್ನು ಸ್ಲಾಟ್ ಮತ್ತು ಸಂಪರ್ಕ ಬಿಂದುಗಳ ಅನುಮಾನ ಉಳಿಯಿತು. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಉಳಿಕೆ ವಿದ್ಯುತ್ತನ್ನು ಖಾಲಿ ಮಾಡಿ ತಳದ ಮುಚ್ಚಳ ಬಿಚ್ಚಿದೆ. ಫ್ಯಾನಿನ ಪಕ್ಕದಲ್ಲಿ ಖಾರದ ಪುಡಿ ಅಂಟಿದ ಮಂಡಕ್ಕಿ ಕಾಳೊಂದು ಬಿದ್ದಿತ್ತು. ಇದು ದಾವಣಗೆರೆಯ ಲ್ಯಾಪ್‌ಟಾಪ್ ಎನ್ನಲು ಬೇರೆ ದಾಖಲೆ ಬೇಕಿಲ್ಲ. ಕಾರ್ಡನ್ನು ಹೊರತೆಗೆದು ಅದರ ಚಿನ್ನದ ಬಣ್ಣದ ಬಿಂದುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಮತ್ತೆ ಕೂರಿಸಿದೆ. ಕೆಲವು ದಿನ ನೆಟ್ಟಗಿತ್ತು, ಆಮೇಲೆ ಹಳೆಯ ಚಾಳಿ. ಸ್ನೇಹಿತರೊಬ್ಬರ ಕೆಟ್ಟುನಿಂತ ಲ್ಯಾಪ್‌ಟಾಪ್‌ನ ಕಾರ್ಡನ್ನು ಅದೇ ಸ್ಲಾಟಿನಲ್ಲಿ ಹಾಕಿ ಮಧ್ಯಾಹ್ನವೆಲ್ಲ ಓಡಿಸಿದಾಗ ಏನೂ ಆಗಲಿಲ್ಲ. ಮದರ್‌ಬೋರ್ಡ್ ಬದುಕಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಡುವೆ ಉಗುರಿನಷ್ಟು ಚಿಕ್ಕ ಯುಎಸ್‌ಬಿ ಅಡಾಪ್ಟರ್ ಒಂದನ್ನು ಬಳಸಿದೆ. ಕೆಲಸವೇನೋ ಸಾಗಿತು. ಆದರೆ ಪಕ್ಕದ ಯುಎಸ್‌ಬಿ 3.0 ಕಿಂಡಿಯಲ್ಲಿ ಹಾರ್ಡ್ ಡಿಸ್ಕ್ ಚುಚ್ಚಿ ಬ್ಯಾಕಪ್ ತೆಗೆದುಕೊಂಡರೆ ವೇಗ ಬಿದ್ದುಹೋಗುತ್ತಿತ್ತು. ಯುಎಸ್‌ಬಿ 3.0 ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡಿನ ಮೇಲೆ ಬೀಳುತ್ತದೆಂದು ಇಂಟೆಲ್ 2012ರಲ್ಲೇ ಬರೆದಿದೆ. ತುರ್ತಿಗೆ ಅಡಾಪ್ಟರ್ ಸಾಕು, ಶಾಶ್ವತಕ್ಕೆ ಬೇಡ ಎಂಬುದು ನನ್ನ ತೀರ್ಮಾನ.

7260 ಬಂದದ್ದು 2013ರಲ್ಲಿ. ಈಗ ಸಿಗುವವು ಹೆಚ್ಚಾಗಿ ಹಳೆಯ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದವು. ನಾನು ಕೊಟ್ಟದ್ದು 650 ರೂಪಾಯಿ, ಆನ್‌ಲೈನ್‌ನಲ್ಲಿ. ಒಂದೇ ಸಂಖ್ಯೆಯ ಹಿಂದೆ ಹಲವು ಸರಕು ಅಡಗಿರುವುದೇ ಇಲ್ಲಿನ ತೊಡಕು. ನನ್ನದರ ಕಾಲದ ಲ್ಯಾಪ್‌ಟಾಪ್‌ಗಳಿಗೆ ಬೇಕಾದದ್ದು ಅರ್ಧ ಗಾತ್ರದ ಮಿನಿ ಪಿಸಿಐ ಎಕ್ಸ್‌ಪ್ರೆಸ್, ಚೀಟಿಯಲ್ಲಿ ‘7260ಎಚ್‌ಎಂಡಬ್ಲ್ಯು’ ಎಂದಿರುವುದು. ‘7260ಎನ್‌ಜಿಡಬ್ಲ್ಯು’ ಎಂದಿದ್ದರೆ ಅದು ಎಂ.2 ಎಂಬ ಬೇರೆ ಆಕಾರದ್ದು; ಸ್ಲಾಟೂ ಹೊಂದುವುದಿಲ್ಲ, ಆಂಟೆನಾ ತಂತಿಯ ತುದಿಯ ಗುಂಡಿಯೂ ಹೊಂದುವುದಿಲ್ಲ. ‘ವೈರ್‌ಲೆಸ್-ಎನ್ 7260’ ಎಂಬುದೂ ಇದೆ. ಅದಕ್ಕೆ 5 ಗಿಗಾಹರ್ಟ್ಸ್ ಬರುವುದೇ ಇಲ್ಲ, ಮಾರುವವರು ಅದನ್ನು ಹೇಳುವುದೂ ಇಲ್ಲ. ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಯೋಸ್. ಕೆಲವು ತಯಾರಕರು ತಾವು ಒಪ್ಪಿದ ಕಾರ್ಡ್‌ಗಳ ಪಟ್ಟಿಯನ್ನು ಬಯೋಸ್‌ನೊಳಗೇ ಇಟ್ಟಿರುತ್ತಾರೆ. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಯಂತ್ರ ಆರಂಭವಾಗುವುದನ್ನೇ ನಿರಾಕರಿಸುತ್ತದೆ. ನಿಮ್ಮ ಮಾದರಿಗೆ ಈ ಕಟ್ಟುಪಾಡು ಇದೆಯೇ ಎಂದು ತಿಳಿದುಕೊಳ್ಳದೆ ಹಣ ಕೊಡಬೇಡಿ.

ಕೂರಿಸುವುದು ಸುಲಭ. ಒಂದೋ ಎರಡೋ ತಿರುಪು, ಕಪ್ಪು ಮತ್ತು ಬಿಳಿ ಎರಡು ಆಂಟೆನಾ ತಂತಿಗಳು. ಆ ತಂತಿಯ ತುದಿಯ ಗುಂಡಿ ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಸುಮಾರು 30 ಬಾರಿ ಹಾಕಿ ತೆಗೆಯಲಷ್ಟೇ ಅದು ತಯಾರಾಗಿದೆ, ಆದ್ದರಿಂದ ಆಟವಾಡಿಸಬಾರದು. ನೇರವಾಗಿ ಇಟ್ಟು ಬೆರಳಿನಿಂದ ಒತ್ತಿದರೆ ಟಿಕ್ ಎನ್ನುತ್ತದೆ. ಓರೆಯಾಗಿ ಒತ್ತಿದರೆ ಗುಂಡಿ ನಜ್ಜುಗುಜ್ಜು. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ತಂತಿ ಇರುತ್ತದೆ. ಆಗ 867 ಎಂಬಿಪಿಎಸ್ ಎಂದು ಬರೆದದ್ದು 433ಕ್ಕೆ ಇಳಿಯುತ್ತದೆ.

ಫಲಿತಾಂಶ? ಮನೆಯ 100 ಎಂಬಿಪಿಎಸ್ ಫೈಬರ್‌ನಲ್ಲಿ ಹಳೆಯ ಕಾರ್ಡ್ ಒಳ್ಳೆಯ ದಿನದಲ್ಲೂ 35ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ಇದು 90 ದಾಟುತ್ತದೆ. ನಿಜವಾದ ಲಾಭ ವೇಗದ್ದಲ್ಲ, 5 ಗಿಗಾಹರ್ಟ್ಸ್‌ನದು. ಕೆಟಿಜೆ ನಗರದಂಥ ಒತ್ತೊತ್ತಾದ ಬೀದಿಯಲ್ಲಿ 2.4 ಗಿಗಾಹರ್ಟ್ಸ್‌ನ ಪಟ್ಟಿ ತೆರೆದರೆ ಅಕ್ಕಪಕ್ಕದವರ ರೂಟರ್‌ಗಳದ್ದೇ ಸಂತೆ. ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ, ಎಲ್ಲರೂ ಅವುಗಳ ಮೇಲೆಯೇ. ಡ್ರೈವರ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಎಂಬುದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ಸಂಜೆಯ ತೊದಲು ನಿಂತಿತು. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಕಾರ್ಡನ್ನು ಆರಿಸಬಹುದು ಎಂಬ ಗುರುತನ್ನೂ ತೆಗೆದುಹಾಕಿದ್ದೇನೆ; ನಿದ್ರೆಯಿಂದ ಎದ್ದ ಯಂತ್ರಕ್ಕೆ ವೈಫೈ ಸಿಗದ ತಕರಾರು ಅದರಿಂದ ಹೋಯಿತು. ಹಿಂಬದಿಯ ಕೋಣೆಗೆ ಹೋದರೆ ಮಾತ್ರ ದಪ್ಪ ಗೋಡೆ 5 ಗಿಗಾಹರ್ಟ್ಸ್ ಅನ್ನು ತಡೆಯುತ್ತದೆ, ಕಾರ್ಡ್ ತಾನೇ 2.4ಕ್ಕೆ ಇಳಿಯುತ್ತದೆ. ಅದು ಭೌತಶಾಸ್ತ್ರ, ದೂರುವಂತಿಲ್ಲ.

ಬ್ಲೂಟೂತ್ 4.0 ಕೂಡ ಇದರಲ್ಲಿದೆ, ಆದರೆ ಒಂದು ಷರತ್ತು. ವೈಫೈ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಹೋಗುತ್ತದೆ, ಬ್ಲೂಟೂತ್ ಅದೇ ಸ್ಲಾಟಿನ ಯುಎಸ್‌ಬಿ ತಂತುಗಳ ಮೂಲಕ. ಕೆಲವು ಲ್ಯಾಪ್‌ಟಾಪ್‌ಗಳ ಸ್ಲಾಟಿಗೆ ಆ ತಂತುಗಳನ್ನೇ ಎಳೆದಿರುವುದಿಲ್ಲ. ಅಲ್ಲಿ ವೈಫೈ ಸಿಗುತ್ತದೆ, ಬ್ಲೂಟೂತ್ ಸಿಗುವುದಿಲ್ಲ. ನನ್ನದರಲ್ಲಿ ಸಿಕ್ಕಿತು, ಮೌಸ್‌ಗೆ ಬಳಸುತ್ತೇನೆ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಪ್ರೊಸೆಸರ್‌ಗೆ ವಿಂಡೋಸ್ 11ರ ಅಧಿಕೃತ ಪ್ರವೇಶವಿಲ್ಲ. ಲೆಕ್ಕದ ತಂತ್ರಾಂಶಕ್ಕಾಗಿ ವಿಂಡೋಸ್ ಉಳಿಸಿಕೊಂಡು, ಅದನ್ನು ಇಂಟರ್ನೆಟ್‌ನಿಂದ ದೂರವಿಟ್ಟು, ಜಿಎಸ್‌ಟಿ ಪೋರ್ಟಲ್ ಕೆಲಸಕ್ಕೆ ಮಿಂಟ್ ಹಾಕಿಕೊಂಡಿದ್ದೇನೆ. ಅಲ್ಲಿ 7260ಕ್ಕೆ ಯಾವ ಡ್ರೈವರನ್ನೂ ಹುಡುಕಬೇಕಾಗಲಿಲ್ಲ. ಕೊಳ್ಳುವವರು ಮಾರಾಟಗಾರರಿಂದ ಕಾರ್ಡಿನ ಚೀಟಿ ಸ್ಪಷ್ಟವಾಗಿ ಕಾಣುವ ಫೋಟೊ ತರಿಸಿಕೊಂಡು, ಆಮೇಲೆ ಹಣ ಕಳುಹಿಸಿ. ಫೋಟೊ ಕೊಡಲು ಹಿಂದೇಟು ಹಾಕಿದರೆ ಬೇರೆ ಮಾರಾಟಗಾರರನ್ನು ನೋಡಿ.