ನಮ್ಮೂರ ಸರ್ಕಾರಿ ಶಾಲೆಯ ವರ್ಷದ ಕೊನೆ: ಒಬ್ಬ ಅಮ್ಮನ ರಿವ್ಯೂ

ಮಗಳ ನಾಲ್ಕನೇ ಕ್ಲಾಸು ಮುಗಿಯಿತು. ಮೂರನೇ ಕ್ಲಾಸಿನ ತನಕ ಪಟ್ಟಣದ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೋಗುತ್ತಿದ್ದಳು. ಹೋದ ಜೂನ್‌ನಲ್ಲಿ ಅಲ್ಲಿಂದ ಟಿಸಿ ತಂದು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಿದೆವು. ಆಗ ನೆಂಟರೆಲ್ಲ ‘ದುಡ್ಡಿಗೇನಾದ್ರೂ ತೊಂದರೆನಾ?’ ಅಂತ ಕೇಳಿದ್ದರು. ತೊಂದರೆ ಇತ್ತು, ಸುಳ್ಳು ಯಾಕೆ ಹೇಳಲಿ. ಮನೆ ಕಟ್ಟಿಸಿದ ಸಾಲ, ಬತ್ತಿದ ಬೋರು, ಅದರ ಮೇಲೆ ವ್ಯಾನ್ ಫೀಸೂ ಸೇರಿ ಸ್ಕೂಲಿಗೇ ವರ್ಷಕ್ಕೆ 38 ಸಾವಿರ. ಈಗ ಅದೇ ನೆಂಟರಲ್ಲಿ ಇಬ್ಬರು ಫೋನ್ ಮಾಡಿ ‘ಹೆಂಗಿದೆ ಶಾಲೆ, ನಮ್ಮ ಹುಡುಗನ್ನೂ ಹಾಕಬಹುದಾ’ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗುವ ಬದಲು ಇಲ್ಲೇ ಬರೆದುಬಿಡುತ್ತೇನೆ. ತಿಪಟೂರು ಕಡೆಯ ಒಂದು ಹಳ್ಳಿ, 47 ಮಕ್ಕಳ ಶಾಲೆ. ಊರ ಹೆಸರು ಬೇಡ, ಬೈಯುವುದೂ ಸ್ವಲ್ಪ ಇದೆ.

ಇಡೀ ವರ್ಷದ ಕತೆ ಬರೆಯಲ್ಲ. ಫೆಬ್ರವರಿಯಿಂದ ಏಪ್ರಿಲ್ 10ರ ತನಕ ನಡೆದದ್ದು ಅಷ್ಟೇ. ಜೂನ್‌ನಲ್ಲಿ ಯಾವ ಶಾಲೆಯಾದರೂ ಚೆನ್ನಾಗೇ ಕಾಣುತ್ತದೆ, ತಳಿರು ತೋರಣ ಕಟ್ಟಿ ಸಿಹಿ ಕೊಡುತ್ತಾರೆ. ವರ್ಷದ ಕೊನೆ ಬಂದಾಗ ಬಂಡವಾಳ ಗೊತ್ತಾಗುತ್ತದೆ.

ಮೊದಲು ಮೆಟ್ರಿಕ್ ಮೇಳ. ಮಕ್ಕಳ ಸಂತೆ ಅಂತಲೂ ಅನ್ನುತ್ತಾರೆ. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ಎಳನೀರು, ಮಂಡಕ್ಕಿ ತಂದು ಶಾಲೆ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಾರುತ್ತಾರೆ, ಊರವರು ಚೀಲ ಹಿಡಿದು ಬಂದು ಕೊಳ್ಳುತ್ತಾರೆ. ತೂಕ, ಅಳತೆ, ಚಿಲ್ಲರೆ ಲೆಕ್ಕ ಕಲಿಯಲಿ ಅಂತ. ಫೋಟೋ ತೆಗೆದು ಗ್ರೂಪಿಗೆ ಹಾಕೋಕೆ ಮಾಡೋದು ಇದು ಅಂದುಕೊಂಡೇ ನಾನು ಮನೆಯ ಹುಣಸೆಹಣ್ಣು ಮೂರು ಕೆಜಿ ತೂಗಿ ಕಟ್ಟಿಕೊಟ್ಟೆ. ಕೆಜಿಗೆ 120 ಅಂತ ಅವಳೇ ಒಂದು ರಟ್ಟಿನ ಮೇಲೆ ಬರೆದುಕೊಂಡಳು. ಪಕ್ಕದ ಮನೆಯಿಂದ ಕಡ ತಂದ ತಕ್ಕಡಿ ಒಂದು ಕಡೆ ವಾಲುತ್ತಿತ್ತು. ಮೇಷ್ಟ್ರು ಅದರ ತಟ್ಟೆಯ ಹಗ್ಗಕ್ಕೆ ಒಂದು ಬೆಣಚುಕಲ್ಲು ಕಟ್ಟಿ ಸಮ ಮಾಡಿಕೊಟ್ಟರು.

ಹತ್ತು ಗಿರಾಕಿ, ಎಲ್ಲರೂ ಕಾಲು ಕಾಲು ಕೆಜಿ. ಸಂಜೆ ಹುಣಸೆಹಣ್ಣು ಪೂರ್ತಿ ಖಾಲಿ, ಕೈಯಲ್ಲಿ 300 ರೂಪಾಯಿ. ಮೂರು ಕೆಜಿಗೆ 360 ಬರಬೇಕಿತ್ತಲ್ಲ? ಅವಳು ದುಡ್ಡು ಬೀಳಿಸಿಕೊಂಡೆ ಅಂತ ಅಳುಮುಖ ಮಾಡಿದಳು, ನಾನು ಯಾರೋ ಮಗೂನ ಯಾಮಾರಿಸಿದ್ದಾರೆ ಅಂತ ಮನಸ್ಸಿನಲ್ಲೇ ಒಬ್ಬೊಬ್ಬರನ್ನೇ ಬೈದುಕೊಂಡೆ. ಮಾರನೇ ದಿನ ಮೇಷ್ಟ್ರು ಅದನ್ನೇ ಬೋರ್ಡಿನ ಮೇಲೆ ಬರೆದು ‘60 ರೂಪಾಯಿ ಎಲ್ಲಿ ಹೋಯ್ತು, ಹುಡುಕ್ರಪ್ಪಾ’ ಅಂದರಂತೆ. 60 ರೂಪಾಯಿ ಅಂದರೆ ಅರ್ಧ ಕೆಜಿ. ಹಾಗಾದರೆ ಅರ್ಧ ಕೆಜಿ ಎಲ್ಲಿ ಹೋಯ್ತು? ತುಂಬಾ ಹೊತ್ತಾದ ಮೇಲೆ ಐದನೇ ಕ್ಲಾಸಿನ ಹುಡುಗನೊಬ್ಬ ಕೇಳಿದನಂತೆ, ‘ಏಯ್, ನೀನು ಕೊಸರು ಹಾಕಿದ್ಯಾ?’

ಹಾಕಿದ್ದಳು. ಹತ್ತೂ ಜನಕ್ಕೆ. ಅವಳ ಅಜ್ಜಿ ಸಂತೆಯಲ್ಲಿ ಕೊಸರು ಕೇಳದೆ ಒಂದು ಮೆಣಸಿನಕಾಯಿಯನ್ನೂ ತಂದವರಲ್ಲ, ಅವರ ಜೊತೆ ಹೋಗಿ ಹೋಗಿ ಇವಳು ಅದೇ ವ್ಯಾಪಾರದ ಕಾನೂನು ಅಂದುಕೊಂಡಿದ್ದಾಳೆ. ತಕ್ಕಡಿ ಇಳಿಸಿದ ಮೇಲೆ ಒಂದೊಂದು ಹಿಡಿ. ಹಿಡಿಗೆ 50 ಗ್ರಾಂ, ಹತ್ತು ಹಿಡಿಗೆ 500. ಲೆಕ್ಕ ಸರಿಹೋಯಿತು. ಅಷ್ಟಕ್ಕೇ ಬಿಡದೆ ಮೇಷ್ಟ್ರು ಇನ್ನೊಂದು ಪ್ರಶ್ನೆ ಮನೆಗೆ ಕಳಿಸಿದರು: ಕೊಸರೂ ಹಾಕಬೇಕು, 360 ರೂಪಾಯಿಯೂ ಬರಬೇಕು, ಹಾಗಾದರೆ ಕಾಲು ಕೆಜಿಗೆ ಎಷ್ಟು ಹೇಳಬೇಕು? ಅವಳು, ಅಜ್ಜಿ, ನಾನು, ಮೂವರೂ ಕೂತು ಹಾಕಿದೆವು. 36. ಇದೇ ಭಾಗಾಕಾರಕ್ಕೆ ಹಿಂದಿನ ವರ್ಷ ನಾನು ತಿಂಗಳಿಗೆ 400 ಕೊಟ್ಟು ಟ್ಯೂಷನ್ ಹಾಕಿಸಿದ್ದೆ.

ಆಮೇಲೆ ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಶಾಲೆಗಳೆಲ್ಲ ಸೇರುವ ಕಲಿಕಾ ಹಬ್ಬ, ಪಕ್ಕದೂರಿನ ಶಾಲೆಯಲ್ಲಿ. ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ರಸಪ್ರಶ್ನೆ, ಜ್ಞಾಪಕಶಕ್ತಿ ಪರೀಕ್ಷೆ, ಹೀಗೆ. ಮಗಳು ಗಟ್ಟಿ ಓದಿಗೆ ನಿಂತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ಹಳ್ಳಕ್ಕೆ ಇಳಿದ ಹಾಗೆ ತಡವರಿಸಿದಳು. ಮೂರು ವರ್ಷ ಕನ್ನಡವನ್ನು ವಾರಕ್ಕೆರಡು ಪೀರಿಯಡ್ ಮಾಡಿಕೊಂಡು ಬಂದ ಮಗು, ಅವಳ ತಪ್ಪಲ್ಲ, ನಮ್ಮದು. ಅಲ್ಲಿ ಪೋಷಕರು ಮಕ್ಕಳು ಸೇರಿ ಆಡುವ ಒಂದು ವಿಭಾಗ ಇತ್ತು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆಗೆ ಉತ್ತರ ಬರೆಸಿದರು. ಮಗುವಿನ ಹತ್ತಿರದ ಗೆಳತಿ ಯಾರು ಅನ್ನುವುದಕ್ಕೆ ನಾನು ಹಳೇ ಸ್ಕೂಲಿನ ಹುಡುಗಿಯ ಹೆಸರು ಬರೆದಿದ್ದೆ. ಅವಳು ನಮ್ಮದೇ ಬೀದಿಯ, ನಮ್ಮ ಮನೆಗೆ ದಿನಾ ಬಂದು ಹೋಗುವ ಹುಡುಗಿಯ ಹೆಸರು. ಬಹುಮಾನ ಬರಲಿಲ್ಲ, ಬರುವುದು ಹೇಗೆ.

ವಾರ್ಷಿಕೋತ್ಸವಕ್ಕೆ ಮಾತ್ರ ನಾನು ಪೂರ್ತಿ ಮಾರ್ಕ್ಸು ಕೊಡಲ್ಲ. ಮಕ್ಕಳ ಕಾರ್ಯಕ್ರಮ ಚೆನ್ನಾಗಿತ್ತು. 47 ಮಕ್ಕಳಲ್ಲಿ ವೇದಿಕೆ ಹತ್ತದವರು ಒಬ್ಬರೂ ಇಲ್ಲ, ಕೋಲಾಟಕ್ಕೆ ಆರು ಜನ ಸಾಲಲಿಲ್ಲ ಅಂತ ಏಳನೇ ಕ್ಲಾಸಿನ ಹುಡುಗರಿಬ್ಬರನ್ನು ಸೇರಿಸಿಕೊಂಡರು. ಹಳೇ ಸ್ಕೂಲಲ್ಲಿ 1,600 ರೂಪಾಯಿ ಡ್ರೆಸ್ಸಿಗೆ ಕಟ್ಟಿಸಿಕೊಂಡು ಮೂರನೇ ಸಾಲಿನಲ್ಲಿ ನಿಲ್ಲಿಸಿದ್ದರು, ವಿಡಿಯೋದಲ್ಲಿ ಅವಳ ಕೈ ಮಾತ್ರ ಕಾಣುತ್ತದೆ. ಇಲ್ಲಿ ನನ್ನ ಹಳೇ ಇಳಕಲ್ ಸೀರೆಯನ್ನೇ ಮಡಚಿ ಕಚ್ಚೆ ಹಾಕಿ ಓಬವ್ವ ಮಾಡಿದೆವು, ಒನಕೆ ಮನೆಯದೇ. ಒನಕೆ ಅವಳಿಗಿಂತ ಉದ್ದ. ಎತ್ತೋಕೆ ಆಗದೆ ನೆಲದ ಮೇಲೆ ಎಳೆದುಕೊಂಡು ಬಂದಳು, ಜನ ನಕ್ಕರು, ಅವಳು ನಗಲಿಲ್ಲ.

ಆದರೆ ಭಾಷಣ! ಆರು ಗಂಟೆಗೆ ಶುರು ಅಂತ ಹೇಳಿ, ಗಣ್ಯರು ಬಂದಿದ್ದು ಏಳೂವರೆಗೆ. ಹನ್ನೊಂದು ಜನಕ್ಕೆ ಪೇಟ, ಶಾಲು, ಹಾರ, ಒಬ್ಬೊಬ್ಬರಿಗೂ ಚಪ್ಪಾಳೆ. ಅವರಲ್ಲಿ ಕೆಲವರು ‘ಸಮಯದ ಅಭಾವ ಇರೋದ್ರಿಂದ ಎರಡೇ ಮಾತು’ ಅಂತ ಶುರು ಮಾಡಿ ಕಾಲು ಗಂಟೆ ಮಾತಾಡಿದರು. ಮೈಕು ಮಧ್ಯೆ ಮಧ್ಯೆ ಕುಂಯ್ ಅನ್ನುತ್ತಿತ್ತು, ಅದು ಕುಂಯ್ ಅಂದಾಗ ಮಾತ್ರ ಸ್ವಲ್ಪ ನೆಮ್ಮದಿ. ಮಕ್ಕಳ ಮೊದಲ ಡ್ಯಾನ್ಸು ಬರುವ ಹೊತ್ತಿಗೆ ಒಂಬತ್ತೂಕಾಲು. ಒಂದನೇ ಕ್ಲಾಸಿನ ಮಕ್ಕಳು ಪೌಡರು, ಕಣ್ಕಪ್ಪು ಬಳಿದುಕೊಂಡೇ ಚಾಪೆಯ ಮೇಲೆ ನಿದ್ದೆ ಹೋಗಿದ್ದವು. ಎಬ್ಬಿಸಿ ನಿಲ್ಲಿಸಿದರೆ ಒಬ್ಬ ಕೃಷ್ಣ ಕೊಳಲು ಎಸೆದು ಅಮ್ಮನ ಹತ್ತಿರ ಓಡಿದ. ಎಸ್‌ಡಿಎಂಸಿಯವರಿಗೆ (ಶಾಲೆಯ ಉಸ್ತುವಾರಿ ಸಮಿತಿ) ನಾನು ಹೇಳಿದ್ದೇನೆ, ಮುಂದಿನ ವರ್ಷ ಮಕ್ಕಳದ್ದು ಮೊದಲು ಮುಗಿಸಿ, ಸನ್ಮಾನ ಆಮೇಲೆ ಬೆಳಗಾಗುವ ತನಕ ಮಾಡಿಕೊಳ್ಳಿ ಅಂತ. ನಕ್ಕು ‘ಆಗಲಮ್ಮ’ ಅಂದರು. ಆಗಲ್ಲ, ಗೊತ್ತು.

ಊಟದ ಬಗ್ಗೆ ನೆಂಟರು ಜಾಸ್ತಿ ಕೇಳುತ್ತಾರೆ. ಚೆನ್ನಾಗಿದೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು (2013ರಿಂದ ಇದೆ), ಅದಕ್ಕೆ ರಾಗಿ ಮಾಲ್ಟ್ ಬೆರೆಸಿ ಕೊಡುವ ದಿನ ಮಗಳು ಮನೆಯಲ್ಲಿ ಹಾಲು ಮುಟ್ಟುವುದಿಲ್ಲ. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತಂತೆ, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವು ಸೇರಿ ಆರು ದಿನ ಆಗಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಒಂದು ಮೊಟ್ಟೆಗೆ ಬೇಯಿಸಿ ಸುಲಿಯುವ ಖರ್ಚೂ ಸೇರಿ 6 ರೂಪಾಯಿ ಲೆಕ್ಕ, ಅಂಗಡಿಯಲ್ಲಿ ರೇಟು ಏರಿದ ತಿಂಗಳು ಹೆಡ್‌ಮಿಸ್ಸು ಕೈಯಿಂದ ಹಾಕಿದ್ದೂ ಉಂಟು. ಏಳನೇ ಕ್ಲಾಸಿನವರ ಬೀಳ್ಕೊಡುಗೆ ದಿನ ಬಿಸಿಯೂಟದ ಅಕ್ಕಂದಿರು ಹೋಳಿಗೆ ಮಾಡಿದ್ದರು. ಬೇಳೆ ದಾನಿಗಳದ್ದು, ಬೆಲ್ಲ ಊರವರದ್ದು, ಕಾಯಿ ಕೇಳಬೇಡಿ, ಇದು ತಿಪಟೂರು ಸೀಮೆ. ಮಕ್ಕಳು ಅತ್ತಿದ್ದು ಕಡಿಮೆ, ತಿಂದಿದ್ದು ಜಾಸ್ತಿ.

ಬೈಗುಳ ಈಗ. ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಮಾರ್ಚ್‌ನಲ್ಲಿ ಹದಿನೈದು ದಿನ ನೀರಿರಲಿಲ್ಲ. ಮೋಟರು ಸುಟ್ಟಿತ್ತು, ರಿಪೇರಿಗೆ ಯಾರು ದುಡ್ಡು ಕೊಡಬೇಕು ಅನ್ನುವುದು ಶಾಲೆಯಿಂದ ಪಂಚಾಯ್ತಿಗೆ, ಪಂಚಾಯ್ತಿಯಿಂದ ಶಾಲೆಗೆ ಓಡಾಡಿತು. ಮಗಳು ಮಧ್ಯಾಹ್ನ ಮನೆಗೆ ಓಡಿ ಬಂದು ಹೋಗುತ್ತಿದ್ದಳು, ನಮ್ಮ ಮನೆ ಹತ್ತಿರ ಸರಿ, ತೋಟದ ಮನೆಯ ಮಕ್ಕಳು ಏನು ಮಾಡಬೇಕು? ಎರಡನೇ ಜೊತೆ ಯೂನಿಫಾರ್ಮು ಬಂದಾಗ ಮೊದಲ ಜೊತೆಯ ಮೊಣಕಾಲು ಹರಿದಾಗಿತ್ತು. ಶೂ ಒಂದು ಸೈಜು ದೊಡ್ಡದು, ಬಟ್ಟೆ ತುರುಕಿಕೊಂಡು ಹಾಕುತ್ತಾಳೆ. ಇಂಗ್ಲಿಷು ಮಾತಾಡುವುದು ಕಡಿಮೆಯಾಗಿದೆ, ಇದನ್ನು ಮುಚ್ಚಿಡಲ್ಲ. ಹಳೇ ಸ್ಕೂಲಲ್ಲಿ ‘ಮೇ ಐ ಗೋ ಟು ವಾಶ್‌ರೂಮ್’ ಅನ್ನುತ್ತಿದ್ದವಳು ಈಗ ‘ಒಂದಕ್ಕೆ ಮಿಸ್’ ಅನ್ನುತ್ತಾಳೆ. ನಮ್ಮ ಅತ್ತೆಗೆ ಅದೇ ಖುಷಿ.

ಇನ್ನೊಂದು, ನಾಲ್ಕು ಮತ್ತು ಐದನೇ ಕ್ಲಾಸು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಒಂದರಿಂದ ಮೂರು ನಲಿ-ಕಲಿ, ಅಲ್ಲಿ ಒಟ್ಟಿಗೆ ಕೂರಿಸುವುದೇ ಪದ್ಧತಿ, ಕಲಿಕೆಯ ಕಾರ್ಡು, ಹಂತ ತೋರಿಸುವ ಏಣಿ, ಗುಂಪಿಗೊಂದು ತಟ್ಟೆ ಅಂತ ಅದಕ್ಕೆಂದೇ ಮಾಡಿದ್ದು. ನಾಲ್ಕು ಐದಕ್ಕೆ ಅಂಥದ್ದೇನಿಲ್ಲ, ಟೀಚರ್ ಇಲ್ಲ ಅಂತ ಒಟ್ಟಿಗೆ ಕೂರಿಸಿದ್ದು. ನಮ್ಮ ಹುಣಸೆಹಣ್ಣಿನ ಲೆಕ್ಕವನ್ನು ಐದನೇ ಕ್ಲಾಸಿನವನು ಬಿಡಿಸಿದ್ದು ಇದರಿಂದಲೇ, ಆ ಲಾಭ ಇದೆ. ಆದರೆ ಅದು ಮೇಷ್ಟ್ರು ಒಳ್ಳೆಯವರಾಗಿದ್ದಕ್ಕೆ ಸಿಕ್ಕ ಲಾಭ.

ವರ್ಷದ ಕೊನೆಯ ಎಸ್‌ಎ-2 ಪರೀಕ್ಷೆ ಮಾರ್ಚ್‌ನಲ್ಲಿ ಮುಗಿಯಿತು, ಹೇಳುವಂಥದ್ದೇನಿಲ್ಲ. ರಿಸಲ್ಟಿನ ದಿನ ‘ಸಮುದಾಯದತ್ತ ಶಾಲೆ’ ಅಂತ ಪೋಷಕರನ್ನೆಲ್ಲ ಕರೆದಿದ್ದರು. ಹಳೇ ಸ್ಕೂಲಲ್ಲಿ ರಿಸಲ್ಟು ಅಂದರೆ ಕ್ಯೂ, ಫೀಸು ಬಾಕಿ ಇದ್ದರೆ ಕಾರ್ಡು ಇಲ್ಲ, ಇಲ್ಲದಿದ್ದರೆ ಎರಡು ನಿಮಿಷ ‘ಶೀ ಮಸ್ಟ್ ಇಂಪ್ರೂವ್’. ಇಲ್ಲಿ ಜಮಖಾನ ಹಾಸಿ ಕೂರಿಸಿದರು, ಮಕ್ಕಳ ನೋಟ್‌ಬುಕ್ಕು, ಬಿಡಿಸಿದ ಚಿತ್ರ ಎಲ್ಲ ಮುಂದಿಟ್ಟರು. ಮಗಳಿಗೆ ಗಣಿತ, ಪರಿಸರದಲ್ಲಿ ಎ, ಅಂದರೆ 70ರಿಂದ 89ರ ಒಳಗೆ. ಕನ್ನಡದಲ್ಲಿ ಬಿ ಪ್ಲಸ್, 50ರಿಂದ 69. ಜೂನ್‌ನಲ್ಲಿ ಮೊದಲ ವಾರ ಅವಳು ಬರೆದ ಉಕ್ತಲೇಖನದ ಹಾಳೆಯನ್ನು ಮೇಷ್ಟ್ರು ಎತ್ತಿಟ್ಟಿದ್ದರು. ಹತ್ತು ಪದದಲ್ಲಿ ಎಂಟು ತಪ್ಪು, ‘ಅಕ್ಕ’ ಅನ್ನುವುದು ‘ಅಕ’ ಆಗಿದೆ. ಪಕ್ಕದಲ್ಲಿ ಮಾರ್ಚ್‌ನ ಹಾಳೆ, ಮೂರು ತಪ್ಪು. ಮಾತು ಜಾಸ್ತಿ ಆಡಲಿಲ್ಲ ಅವರು, ಎರಡೂ ಹಾಳೆ ನನ್ನ ಕೈಗೆ ಕೊಟ್ಟು ‘ರಜೆಯಲ್ಲಿ ದಿನಾ ಒಂದು ಪುಟ ಗಟ್ಟಿಯಾಗಿ ಓದಿಸಿ, ಸಾಕು’ ಅಂದರು.

ಅವರು ಅತಿಥಿ ಶಿಕ್ಷಕರು. ನನಗೆ ಅದು ಗೊತ್ತಾಗಿದ್ದು ಅವತ್ತೇ, ಎಲ್ಲರೂ ಎದ್ದು ಹೋಗುವಾಗ ‘ಜೂನ್‌ನಲ್ಲಿ ಐದನೇ ಕ್ಲಾಸಿಗೂ ನೀವೇ ಅಲ್ವಾ ಸಾರ್?’ ಅಂತ ಕೇಳಿದ್ದಕ್ಕೆ. ಅತಿಥಿ ಅಂದರೆ ಹತ್ತು ತಿಂಗಳಿಗೆ ಮಾತ್ರ. ಪ್ರೈಮರಿಯವರಿಗೆ ತಿಂಗಳಿಗೆ 12 ಸಾವಿರ, ಮುಂಚೆ 10 ಇತ್ತು. ಅದೂ ತಿಂಗಳು ತಿಂಗಳು ಕೈಗೆ ಬರಲ್ಲ. ಏಪ್ರಿಲ್ 10ಕ್ಕೆ ಮಕ್ಕಳಿಗೆ ರಜೆ, ಅವರಿಗೆ ಕೆಲಸವೇ ಇಲ್ಲ. ಮುಂದಿನ ವರ್ಷ ಹುದ್ದೆ ಖಾಲಿ ಇದ್ದರೆ ಮತ್ತೆ ಅರ್ಜಿ ಹಾಕಬೇಕು, ಅವರೇ ಬರುತ್ತಾರೆ ಅಂತ ಏನೂ ಇಲ್ಲ. ‘ನೋಡೋಣಮ್ಮ, ರಜೆಯಲ್ಲಿ ಅರಸೀಕೆರೆಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯೋಕೆ ಹೋಗ್ತೀನಿ’ ಅಂದರು. ನಾನು ವರ್ಷಪೂರ್ತಿ ಈ ಶಾಲೆ ಚೆನ್ನಾಗಿದೆ ಅಂತ ಯಾವುದನ್ನು ಹೊಗಳುತ್ತಿದ್ದೆನೋ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಬ್ಬ ಮನುಷ್ಯ. ಮೇಲೆ ಬರೆದಿದ್ದನ್ನು ಇನ್ನೊಮ್ಮೆ ಓದಿ, ಗೊತ್ತಾಗುತ್ತದೆ.

ಅದಕ್ಕೇ ಸ್ಟಾರು ಎಷ್ಟು ಕೊಡಬೇಕು ಅಂತ ತಿಳಿಯುತ್ತಿಲ್ಲ. ಊಟಕ್ಕೆ ಐದು, ಟಾಯ್ಲೆಟ್ಟಿಗೆ ಒಂದು, ಭಾಷಣಕ್ಕೆ ಸೊನ್ನೆ, ಹೆಡ್‌ಮಿಸ್ಸಿಗೆ ನಾಲ್ಕು. ಪಾಠಕ್ಕೆ ಈ ವರ್ಷದ ಮಟ್ಟಿಗೆ ಐದು.

ಕೇಳಿದ ನೆಂಟರಿಗೆ: ಸೇರಿಸಿ. ಫೀಸಿಲ್ಲ, ಪುಸ್ತಕ ಯೂನಿಫಾರ್ಮು ಶಾಲೆಯದೇ. ಹಳೇ ಸ್ಕೂಲಲ್ಲಿ ಬಾಕಿ ಇದ್ದರೆ ಈಗಲೇ ತೀರಿಸಿ ಟಿಸಿ ತಗೊಳ್ಳಿ, ಅವರು ಕೊನೇ ಘಳಿಗೆಯಲ್ಲಿ ಸತಾಯಿಸುತ್ತಾರೆ, ನಾನು ಐದು ಸಲ ಅಲೆದಿದ್ದೇನೆ. ಆಧಾರ್, ಮಗುವಿನ ಸ್ಯಾಟ್ಸ್ ನಂಬರು (ಸರ್ಕಾರದ ವಿದ್ಯಾರ್ಥಿ ದಾಖಲೆಯದ್ದು) ಬರೆದಿಟ್ಟುಕೊಳ್ಳಿ. ಶಾಲೆ ಮೇ 29ಕ್ಕೆ ತೆರೆಯುತ್ತದೆ. ಅವತ್ತು ಬಂದಾಗ ಬಿಲ್ಡಿಂಗು, ಬಣ್ಣ, ಕಾಂಪೌಂಡು ನೋಡಬೇಡಿ, ನಾಲ್ಕು-ಐದಕ್ಕೆ ಈ ಸಲ ಯಾರು ಬರ್ತಾರೆ ಅಂತ ಕೇಳಿ. ನಾನೂ ಅವತ್ತು ಅದನ್ನೇ ಕೇಳೋಕೆ ಬರುತ್ತೇನೆ. ಪಕ್ಕದ ಮನೆಯವರು ತಕ್ಕಡಿ ವಾಪಸ್ ಕೇಳಿದಾಗ ಮಗಳು ಕೊಟ್ಟು ಬಂದಳು, ಬೆಣಚುಕಲ್ಲು ಮಾತ್ರ ಬಿಚ್ಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.