ಲೇಔಟ್ ಪಾರ್ಕಿನ ಕೊಳಗಳು: ಮೀನಿನ ರೂಲ್ಸ್ ಸೂಪರ್, ಜನರ ರೂಲ್ಸ್ ಅಷ್ಟಕ್ಕಷ್ಟೇ

ಕೆಲವು ವರ್ಷದಿಂದ ಬಳಸ್ತಾ ಇದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ಪಾರ್ಕಲ್ಲಿ ಎರಡು ಕೊಳ, ಎರಡೂ ಇಲ್ಲಿನ ನಿವಾಸಿಗಳಿಗೆ ಮಾತ್ರ. ಚಿಕ್ಕದನ್ನ ಮೀನುಮರಿ ಬೆಳೀಲಿ ಅಂತ ಬಿಟ್ಟಿದಾರೆ, ಅಲ್ಲಿ ಗಾಳ ಹಾಕಂಗಿಲ್ಲ. ದೊಡ್ಡದರಲ್ಲಿ ಹಾಕಬಹುದು, ಆದ್ರೆ ಹಿಡಿದಿದ್ದನ್ನ ವಾಪಸ್ ನೀರಿಗೇ ಬಿಡ್ಬೇಕು. ಸಾರಿಗೆ ಮೀನು ಬೇಕು ಅನ್ನೋರು ಈ ಕಡೆ ಬರೋದೇ ಬೇಡ.

ಕೊಕ್ಕೆ ತುದಿ ಹತ್ರ ಹಿಂದಕ್ಕೆ ಚಾಚಿರೋ ಚಿಕ್ಕ ಮುಳ್ಳು ಇರಬಾರದು ಅನ್ನೋ ರೂಲ್ ನಂಗೆ ತುಂಬಾ ಇಷ್ಟ. ಅದಕ್ಕೇಂತ ಹೊಸ ಕೊಕ್ಕೆ ತರೋದೂ ಬೇಡ, ಇರೋದರ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಡಚಿದ್ರೆ ಆಯ್ತು, ದಾರ ಸಡಿಲ ಬಿಟ್ರೆ ಮೀನು ಕಳಚ್ಕೊಳ್ಳುತ್ತೆ ನಿಜ, ಆದ್ರೆ ಬಿಡಿಸೋವಾಗ ಬಂದ ದಾರಿಲೇ ಹಿಂದಕ್ಕೆ ಜಾರಿಸಿದ್ರೆ ಸಲೀಸಾಗಿ ಬರುತ್ತೆ, ತುಟಿ ಹರಿಯಲ್ಲ. ಒಣಗೈಯಲ್ಲಿ ಮುಟ್ಟಬಾರದು, ಮೈಮೇಲಿನ ಲೋಳೆ ಕೈಗೆ ಅಂಟಿ ಬಂದ್ರೆ ಮೀನಿಗೆ ಸೋಂಕು ತಗಲುತ್ತೆ. ಕೊಕ್ಕೆ ಗಂಟಲಿಗೆ ಇಳಿದಿದ್ರೆ ಎಳೆದಾಡದೆ ದಾರ ಕತ್ತರಿಸಿ ಬಿಟ್ಟುಬಿಡಿ.

ತುಂಬಾ ಜನ ಗೊಣಗೋದು ಬೇಸಿಗೆಲಿ ಗಾಳ ಬಂದ್ ಮಾಡ್ತಾರೆ ಅಂತ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ ಕಣ್ರೀ, 20 ಡಿಗ್ರಿಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯೋ ನೀರು 30 ಡಿಗ್ರಿಲಿ ಏಳೂವರೆಗೆ ಇಳಿಯುತ್ತೆ, ಅದರ ಮೇಲೆ ರಾತ್ರಿಯೆಲ್ಲಾ ಪಾಚಿನೂ ಅದನ್ನೇ ಎಳ್ಕೊಳ್ಳುತ್ತೆ, ಹಾಗಾಗಿ ಬೆಳಗಿನ ಜಾವಕ್ಕೆ ಇನ್ನೂ ಕಷ್ಟ. ಸೆಖೆಗಾಲದಲ್ಲಿ ಬೇಗ ಎದ್ದು ಹೋಗಿ ನೋಡಿ, ದಪ್ಪ ದಪ್ಪ ಗೆಂಡೆಗಳು ನೀರಿನ ಮೇಲ್ಗಡೆ ಬಾಯಿ ತೆರೆದು ಮುಚ್ಚಿ ತೇಕ್ತಾ ನಿಂತಿರ್ತವೆ, ನೀವು ಹತ್ತಿರ ಹೋದ್ರೂ ಓಡಲ್ಲ. ಅಂಥ ಹೊತ್ತಲ್ಲಿ ಗಾಳಕ್ಕೆ ಸಿಕ್ಕಿ ಒದ್ದಾಡಿದ ಮೀನನ್ನ ಬಿಟ್ರೂ ಬದುಕೋದು ಡೌಟು.

ಇಷ್ಟೆಲ್ಲಾ ತಿಳ್ಕೊಂಡು ರೂಲ್ ಮಾಡಿದೋರು ನೀರಿಗೆ ಗಾಳಿ ಬೆರೆಸೋ ಏರೇಟರನ್ನ ರಾತ್ರಿ ಆಫ್ ಮಾಡ್ತಾರೆ! ಸದ್ದಿಗೆ ನಿದ್ದೆ ಬರಲ್ಲ ಅಂತ ಯಾರೋ ಕಂಪ್ಲೇಂಟ್ ಕೊಟ್ರಂತೆ. ಬೇಕಾಗಿರೋದೇ ರಾತ್ರಿಲಿ ಸ್ವಾಮಿ, ಹಗಲು ಓಡಿಸಿದ್ರೆ ನೋಡೋಕೆ ಚೆಂದ ಅಷ್ಟೇ.

ಜನರ ವಿಷಯ ಬಂದ್ರೆ ಎಲ್ಲಾ ಸಡಿಲ. ಗೆಸ್ಟ್ ಇಬ್ಬರೇ ಅಂತ ಬೋರ್ಡಿದೆ, ವೀಕೆಂಡಲ್ಲಿ ಇಡೀ ಬಳಗಾನೇ ಬಂದಿರುತ್ತೆ, ಕೇಳೋರಿಲ್ಲ. ಬ್ರೆಡ್ ಹಾಕಬೇಡಿ ಅಂತ ಬರೆದಿರೋ ಬೋರ್ಡಿನ ಕೆಳಗೇ ನಿಂತು ಹಾಕ್ತಾರೆ, ತಿಂದು ಉಳಿದಿದ್ದು ಕೊಳೆತು ಪಾಚಿಗೆ ಗೊಬ್ಬರ. ಅಕ್ವೇರಿಯಂ ಮೀನು ಸಾಕಿ ಬೇಜಾರಾದೋರು ಇಲ್ಲಿ ತಂದು ಸುರೀತಾರೆ, ಅದರಲ್ಲಿ ಸಕರ್ ಮೀನು ದಡದಲ್ಲಿ ಬಿಲ ತೋಡೋ ಜಾತಿ, ಏರಿ ಕುಸಿದ್ರೆ ರಿಪೇರಿ ನಮ್ಮ ಮೇಂಟೆನೆನ್ಸ್ ದುಡ್ಡಲ್ಲೇ. ತುಂಡಾದ ತಂಗೂಸಿ, ಅಂದ್ರೆ ಗಾಳದ ನೈಲಾನ್ ದಾರ, ಎಸೆಯೋಕೆ ಒಂದು ಡಬ್ಬಿನೂ ಇಟ್ಟಿಲ್ಲ, ಹಕ್ಕಿ ಕಾಲಿಗೆ ಸುತ್ಕೊಂಡ್ರೆ ಅದರ ಕಥೆ ಮುಗೀತು. ಗಾಳದ ದಾರಕ್ಕೆ ಭಾರಕ್ಕೇಂತ ಕಟ್ಟೋ ಸೀಸದ ಗುಂಡು ನುಂಗಿದ ನೀರುಹಕ್ಕಿಗೆ ವಿಷವೇರುತ್ತೆ, ಅದರ ಬಗ್ಗೆ ರೂಲೇ ಇಲ್ಲ.

ಐದಕ್ಕೆ ಮೂರೂವರೆ. ಏರೇಟರ್ ರಾತ್ರಿ ಓಡಿಸಿದ್ರೆ ನಾಲ್ಕು. ಹೊಸಬರು ಬರೋದಾದ್ರೆ ಇಕ್ಕಳ ಮರೀಬೇಡಿ, ಗೇಟಲ್ಲಿ ಕೊಕ್ಕೆ ಮಾತ್ರ ಸರಿಯಾಗಿ ಚೆಕ್ ಮಾಡ್ತಾರೆ.