ಕಪ್ಪು ಹಚ್ಚಿದ್ದು ಮೂರು ಬಗೆ, ತೆಗೆಯಲು ನೋಡಿದ್ದು ಮೂರು ದಾರಿ

ನನ್ನ ಕೂದಲು ಹುಟ್ಟಿನಿಂದ ಕಡು ಕಂದು. ಕಿವಿಯ ಪಕ್ಕ ನಾಲ್ಕು ಬಿಳಿ ಎಳೆ ಕಂಡ ಮೇಲೆ ಅಚ್ಚ ಕಪ್ಪು ಹಚ್ಚಲು ಶುರು ಮಾಡಿದೆ. ಡೈ ಕೊಳ್ಳುವಾಗ ಎಲ್ಲರೂ ಕೇಳುವುದು ‘ಎಷ್ಟು ದಿನ ಇರುತ್ತೆ’ ಅಂತ. ‘ಬೇಡ ಅನ್ನಿಸಿದರೆ ಹೇಗೆ ಹೋಗುತ್ತೆ’ ಅಂತ ನಾನೂ ಕೇಳಿರಲಿಲ್ಲ. ಮೊದಲು ಅದನ್ನೇ ಕೇಳಬೇಕಿತ್ತು.

ಮೊದಲು ಹಚ್ಚಿದ್ದು ಸೆಮಿ ಪರ್ಮನೆಂಟ್. ಅದರಲ್ಲಿ ಅಮೋನಿಯಾ ಇರಲಿಲ್ಲ, ಬೆರೆಸಲು ಡೆವಲಪರ್ (ಪೆರಾಕ್ಸೈಡ್ ಇರುವ ದ್ರವ) ಕೂಡ ಇರಲಿಲ್ಲ. ಬಣ್ಣ ಹೆಚ್ಚಾಗಿ ಕೂದಲಿನ ಹೊರಪದರದಲ್ಲೇ ಕೂರುತ್ತದೆ. ಎಂಟು ಹತ್ತು ಸಲ ತಲೆ ತೊಳೆಯುವಷ್ಟರಲ್ಲಿ ಮಾಸಿತು. ಬಿಳಿ ಎಳೆಗಳ ಮೇಲೆ ಮಾತ್ರ ಮೊದಲ ದಿನವೇ ಬೂದು ಬೂದಾಗಿ ಕಂಡಿತು.

ಅದು ಸಾಲದು ಅನ್ನಿಸಿ ಪರ್ಮನೆಂಟ್ ಡೈಗೆ ಹೋದೆ. ಬಿಳಿ ಮುಚ್ಚುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದೇ ಸಲಕ್ಕೆ ಬುಡದಿಂದ ತುದಿವರೆಗೆ ಕಪ್ಪು. ಇದರ ಕೆಲಸವೇ ಬೇರೆ. ಅಮೋನಿಯಾ ಹೊರಪದರವನ್ನು ಉಬ್ಬಿಸಿ ತೆರೆಯುತ್ತದೆ. ಬಣ್ಣವಿಲ್ಲದ ಸಣ್ಣ ಅಣುಗಳು ಒಳಗೆ ಹೋಗುತ್ತವೆ. ಪೆರಾಕ್ಸೈಡ್ ತಾಗಿ ಅಲ್ಲೇ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ, ಬಣ್ಣ ಬರುತ್ತದೆ. ಆ ಗಾತ್ರದಲ್ಲಿ ಹೊರಗೆ ಬರಲು ದಾರಿ ಇಲ್ಲ. ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕವೂ ಇದರಲ್ಲಿರುತ್ತದೆ. ಅದು ಕೆಲವರ ಚರ್ಮಕ್ಕೆ ಆಗುವುದೇ ಇಲ್ಲ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯುವುದನ್ನು ದಯವಿಟ್ಟು ಯಾರೂ ಬಿಡಬೇಡಿ. ಹತ್ತು ಸಲ ಹಚ್ಚಿ ಏನೂ ಆಗದವರಿಗೂ ಹನ್ನೊಂದನೇ ಸಲ ಅಲರ್ಜಿ ಆಗಬಹುದು.

ನಾಲ್ಕೇ ತಿಂಗಳಿಗೆ ಆ ಕಪ್ಪು ಸಾಕಾಯಿತು. ನನ್ನ ಮುಖಕ್ಕೆ ಅದು ತುಂಬ ಗಡಸು. ಮೇಲೆ ಕಂದು ಡೈ ಹಚ್ಚಿದರೆ ಸರಿಹೋಗುತ್ತದೆ ಅಂದುಕೊಂಡೆ. ಬುಡದಲ್ಲಿ ಹೊಸದಾಗಿ ಬಂದ ಕೂದಲಷ್ಟೇ ಕಂದಾಯಿತು, ಉಳಿದದ್ದು ಕಪ್ಪಾಗಿಯೇ ಇತ್ತು. ಡೈ ಮೇಲೆ ಡೈ ಹಚ್ಚಿದರೆ ಬಣ್ಣ ತಿಳಿಯಾಗುವುದಿಲ್ಲ.

ಆಮೇಲೆ ವಿಟಮಿನ್ ಸಿ. ಮಾತ್ರೆ ಪುಡಿ ಮಾಡಿ ತಲೆಹೊಟ್ಟಿನ ಶಾಂಪೂಗೆ ಕಲಸಿ, ಒಂದು ಗಂಟೆ ಬಿಟ್ಟು ತೊಳೆದೆ. ಸೆಮಿ ಪರ್ಮನೆಂಟ್ ಇದ್ದಾಗ ಇದೇ ಉಪಾಯ ಚೆನ್ನಾಗಿ ಕೆಲಸ ಮಾಡಿತ್ತು, ನೊರೆಯೇ ಬೂದು ಬಣ್ಣಕ್ಕೆ ತಿರುಗಿತ್ತು. ಪರ್ಮನೆಂಟ್ ಮೇಲೆ ತುದಿಯಲ್ಲಿ ಚೂರು ಮಾಸಿದ್ದು ಬಿಟ್ಟರೆ ಏನೂ ಇಲ್ಲ. ಕೂದಲು ಮಾತ್ರ ತೆಂಗಿನ ನಾರಿನ ಹಾಗೆ ಒರಟಾಯಿತು.

ಇನ್ನು ತಲೆಯ ಮೇಲೆ ಪ್ರಯೋಗ ಬೇಡ ಅಂತ, ಬಾಚಣಿಗೆಯಲ್ಲಿ ಬಂದ ಕೂದಲನ್ನು ಕೂಡಿಟ್ಟು ದಾರ ಕಟ್ಟಿ ಸಣ್ಣ ಕುಚ್ಚುಗಳನ್ನು ಮಾಡಿಕೊಂಡೆ. ಎರಡಕ್ಕೆ ಕಲರ್ ರಿಮೂವರ್, ಒಂದಕ್ಕೆ ಬ್ಲೀಚ್.

ರಿಮೂವರ್ ಅಂದರೆ ಬ್ಲೀಚ್ ಅಲ್ಲ. ಒಳಗೆ ಕೂಡಿಕೊಂಡ ಬಣ್ಣದ ಅಣುಗಳನ್ನು ಅದು ಮತ್ತೆ ಒಡೆದು ಸಣ್ಣದು ಮಾಡುತ್ತದೆ. ಗಂಧಕದ ವಾಸನೆ, ಕೊಳೆತ ಮೊಟ್ಟೆಯ ಹಾಗೆ. ಒಂದು ಕುಚ್ಚನ್ನು 2 ನಿಮಿಷ ತೊಳೆದೆ, ಇನ್ನೊಂದನ್ನು ನಲ್ಲಿಯ ಕೆಳಗೆ 20 ನಿಮಿಷ ಹಿಡಿದುಕೊಂಡೇ ನಿಂತೆ. ಆ ಸಂಜೆ ಎರಡೂ ಒಂದೇ ಥರ, ಕೆಂಪು ಬೆರೆತ ಕಂದು. ಬೆಳಿಗ್ಗೆ ಎದ್ದು ನೋಡಿದರೆ ಮೊದಲನೆಯದು ಮತ್ತೆ ಕಪ್ಪು! ಒಡೆದ ಅಣುಗಳು ಒಳಗೇ ಉಳಿದರೆ ಗಾಳಿ ತಾಗಿ ಮತ್ತೆ ಕೂಡಿಕೊಳ್ಳುತ್ತವೆ. ರಿಮೂವರ್ ಪ್ರಯೋಜನಕ್ಕೆ ಬರಲಿಲ್ಲ ಅನ್ನುವವರು ಬಹಳ ಸಲ ತೊಳೆಯುವುದರಲ್ಲೇ ಎಡವಿರುತ್ತಾರೆ.

ಬ್ಲೀಚ್ ಹಾಕಿದ ಕುಚ್ಚು ಬೇಗ ತಿಳಿಯಾಯಿತು, ಆದರೆ ಕಿತ್ತಳೆ. ಅದು ಡೈಯನ್ನಷ್ಟೇ ಅಲ್ಲ, ನಮ್ಮ ಕೂದಲಿನ ಸ್ವಂತ ಬಣ್ಣವನ್ನೂ ತೆಗೆದುಬಿಡುತ್ತದೆ. ಒದ್ದೆ ಎಳೆಯೊಂದನ್ನು ಎಳೆದು ನೋಡಿದೆ. ರಬ್ಬರಿನಂತೆ ಉದ್ದವಾಗಿ ಪಟ್ಟನೆ ಕಡಿಯಿತು. ಅಲ್ಲಿಗೆ ಬ್ಲೀಚ್ ಆಸೆ ಬಿಟ್ಟೆ.

ತಲೆಗೆ ರಿಮೂವರ್ ಹಾಕಿದೆ. ತೊಳೆದದ್ದು ಅರ್ಧ ಗಂಟೆಗಿಂತ ಜಾಸ್ತಿ. ಕಪ್ಪು ಹೋಯಿತು. ಆದರೆ ಹಳೆಯ ಕಂದು ಬರಲಿಲ್ಲ, ಅದಕ್ಕಿಂತ ತಿಳಿಯಾದ ತಾಮ್ರದ ಛಾಯೆ ಬಂತು. ಡೈನಲ್ಲಿದ್ದ ಪೆರಾಕ್ಸೈಡ್ ನನ್ನ ಬಣ್ಣವನ್ನು ಮೊದಲೇ ಸ್ವಲ್ಪ ತಿಂದಿತ್ತು, ಅದನ್ನು ರಿಮೂವರ್ ವಾಪಸ್ ಕೊಡುವುದಿಲ್ಲ ಅಲ್ವಾ. ಅವತ್ತೇ ಮತ್ತೆ ಪರ್ಮನೆಂಟ್ ಡೈ ಹಚ್ಚಲೂ ಬಾರದು, ಡೆವಲಪರ್ ತಾಗಿದರೆ ಉಳಿದ ಬಣ್ಣ ಎದ್ದು ಬರುತ್ತದೆ.

ನಾನು ಹಚ್ಚಿದ ಮೂರನೆಯ ಬಗೆಯ ಕಪ್ಪು ಮೆಹಂದಿ ಮತ್ತು ಇಂಡಿಗೋ (ನೀಲಿ ಗಿಡದ ಎಲೆಯ ಪುಡಿ). ಮೊದಲು ಮೆಹಂದಿ, ತೊಳೆದ ಮೇಲೆ ಇಂಡಿಗೋ. ಮೊದಲ ದಿನ ಹಸಿರು ಛಾಯೆ ಇತ್ತು, ಎರಡು ದಿನದಲ್ಲಿ ಕಪ್ಪಾಯಿತು. ಹೊಳಪು ಮೂರರಲ್ಲೂ ಇದಕ್ಕೇ ಹೆಚ್ಚು. ಗಿಡದ ಬಣ್ಣ, ಬೇಗ ಹೋಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಮೆಹಂದಿಯ ಬಣ್ಣ ಕೂದಲಿನ ಪ್ರೋಟೀನ್‌ಗೇ ಅಂಟಿಕೊಳ್ಳುತ್ತದೆ. ಈ ಕೂದಲಿನ ಕುಚ್ಚಿಗೆ ಬ್ಲೀಚ್ ಹಾಕಿದಾಗ ಪಾಚಿಯ ಹಸಿರು ಬಂತು. ತಲೆಗೆ ಹಾಕದೆ ಉಳಿದೆ ಅಂತ ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ‘ಬ್ಲ್ಯಾಕ್ ಮೆಹಂದಿ’ ಅಂತ ಬರುವ ಪುಡಿಗಳದ್ದು ಬೇರೆ ಕಥೆ. ಅವುಗಳಲ್ಲೂ ಪಿಪಿಡಿ ಇರಬಹುದು, ಪ್ಯಾಕೆಟ್ಟಿನ ಹಿಂದೆ ಓದಿ ನೋಡಿ.

ಕಪ್ಪು ಹೊಂದುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದವರಿಗೆ ನಾನು ಹೇಳುವುದು ಸೆಮಿ ಪರ್ಮನೆಂಟ್, ಅದೂ ಬೇಕಾದ ಬಣ್ಣಕ್ಕಿಂತ ಒಂದು ಶೇಡ್ ತಿಳಿಯಾದದ್ದು. ಬಿಳಿ ಪೂರ್ತಿ ಮುಚ್ಚಲೇಬೇಕು ಅಂದರೆ ಪರ್ಮನೆಂಟ್. ತೆಗೆಯಲು ಕೊನೆಗೆ ರಿಮೂವರ್ ಅನ್ನುವ ದಾರಿಯಾದರೂ ಇದೆ. ಮೆಹಂದಿ, ಇಂಡಿಗೋ ಮಾತ್ರ ಮುಂದೆ ಬಣ್ಣ ಬದಲಿಸುವ ಯೋಚನೆಯೇ ಇಲ್ಲದವರಿಗೆ.

ನಾನು ಇಂಡಿಗೋ ನಿಲ್ಲಿಸಿ ಒಂದು ವರ್ಷ ಆಯಿತು. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ 15 ಸೆಂಟಿಮೀಟರ್‌ನಷ್ಟು ನನ್ನದೇ ಕಂದು ಬಂದಿದೆ. ಕಿವಿಯ ಪಕ್ಕದ ಬಿಳಿಗೆ ಕಂದು ಸೆಮಿ ಪರ್ಮನೆಂಟ್ ಹಚ್ಚುತ್ತೇನೆ. ತುದಿಯ ಕಪ್ಪು ಇನ್ನೆರಡು ಸಲ ಕತ್ತರಿಸಿದರೆ ಮುಗಿಯುತ್ತದೆ.